ಕರೆಂಟ್ ಹೋದ ಮೇಲೆ ಓದಿದ ಹೆಸರು

ಹಲಸೂರಿನ ತಲೆಯ ಮೇಲೆ ಇನ್ನೂ ಮೆಟ್ರೋ ಓಡದ ಕಾಲ. ಅಲ್ಲಿನ ನಮ್ಮ ಹೈಸ್ಕೂಲಿನ ಮಾಳಿಗೆಯ ಮೇಲೆ ಒಂದು ಹಳೆಯ ಲೌಡ್‌ಸ್ಪೀಕರ್ ಇತ್ತು. ಅದರ ಬಾಯಿ ಮಕ್ಕಳು ಕೂರುವ ಮೈದಾನದ ಕಡೆಗಿರದೆ ಬೀದಿಯ ಕಡೆಗಿತ್ತು. ಯಾವ ಪುಣ್ಯಾತ್ಮ ಹಾಗೆ ಕಟ್ಟಿದ್ದನೋ, ಆಮೇಲೆ ಅದನ್ನು ತಿರುಗಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಗಾಗಿ ಏಪ್ರಿಲಿನಲ್ಲಿ ಬೇಸಿಗೆ ರಜೆ ಕೊಡುವ ದಿನ ಎಚ್ಚೆಮ್ ಮೇಡಂ ಓದುತ್ತಿದ್ದ ಶಾಲೆಯ ಸುದ್ದಿ ನಮಗಿಂತ ಚೆನ್ನಾಗಿ ಬೀದಿಗೆ ಕೇಳಿಸುತ್ತಿತ್ತು.

ಬೀದಿಯೂ ಅದಕ್ಕೆ ಕಾಯುತ್ತಿತ್ತು. ಯಾರು ಕ್ಲಾಸಿಗೆ ಮೊದಲು, ಯಾರ ಚಿತ್ರಕ್ಕೆ ಬಹುಮಾನ, ಯಾರು ಓಟದಲ್ಲಿ ಗೆದ್ದರು, ಎಲ್ಲವನ್ನೂ ಮೇಡಂ ನಿಧಾನವಾಗಿ ಓದುವರು. ಬರೀ ಹೆಸರಲ್ಲ, ಇಂಥ ಊರಿನ ಇಂಥವರ ಮಗ, ಇಂಥವರ ಮಗಳು ಎಂದು ಸೇರಿಸಿಯೇ ಓದಬೇಕು. ಸುದ್ದಿ ಮುಗಿದು ಗೇಟು ತೆರೆದರೆ, ಹೆಸರು ಬಂದ ಮಕ್ಕಳಿಗೆ ಬೀದಿಯಲ್ಲಿ ಮರ್ಯಾದೆಯೋ ಮರ್ಯಾದೆ. ಹೂವಿನಮ್ಮ ಒಂದು ತುಂಡು ಮಲ್ಲಿಗೆ ಕೊಡುವಳು. ಸೌತೆಕಾಯಿ ಗಾಡಿಯವನು ಉಪ್ಪುಖಾರ ಸವರಿ ಒಂದು ಹೋಳು ಕೈಗಿಡುವನು. ಬೇಕರಿಯ ಸೆಲ್ವಂ ಅಣ್ಣ ಬಿಸಿ ಖಾರಾ ಬನ್ ಕೊಡುವನು. ಒಂದೇ ನಿಯಮ. ನಮ್ಮ ಹೆಸರನ್ನು ನಾವೇ ಹೇಳಿಕೊಂಡು ಕೇಳುವಂತಿಲ್ಲ, ಅವರ ಕಿವಿಗೆ ಬಿದ್ದಿರಬೇಕು.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷದ ಮಾತು. ಕೂತಲ್ಲಿ ಕೂರುವ ಜಾತಿಯಲ್ಲ ನಾನು, ಈಗಲೂ ಅಲ್ಲ. ಅಮ್ಮ ನನ್ನನ್ನು ಕರೆಯುತ್ತಿದ್ದುದೇ 'ಚಕ್ರಗಾಲು' ಎಂದು. ಆ ವರ್ಷ ಶಾಲೆಗಳ ನಡುವಿನ ಎಂಟುನೂರು ಮೀಟರ್ ಓಟದಲ್ಲಿ ನಾನು ಎರಡನೆಯವಳಾಗಿ ಬಂದಿದ್ದೆ. ಮನೆಗೆ ಬಂದು ಹೇಳಿದರೆ ಅಪ್ಪ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

"ಎಷ್ಟ ಮಂದಿ ಓಡಿದ್ರವಾ? ಇಬ್ಬರನ?"

ಅಪ್ಪ ಹಾವೇರಿ ಕಡೆಯವರು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ಕೆ.ಆರ್. ಪುರದ ಹತ್ತಿರದ ಸ್ಟಾಫ್ ಕಾಲೊನಿಗೆ ಬಂದವರು. ಎಷ್ಟು ವರ್ಷವಾದರೂ ಅವರ ಮಾತು ಬದಲಾಗಲಿಲ್ಲ. ಅದನ್ನು ಅನುಕರಿಸಿ ಕಾಲೊನಿಯವರು ನಗುತ್ತಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಥವಾ ಗೊತ್ತಾಗದವರಂತೆ ಇರುತ್ತಿದ್ದರು. ನನಗಂತೂ ಮೈ ಉರಿಯುತ್ತಿತ್ತು.

ಓಟದ ಪ್ರಾಕ್ಟೀಸ್ ಮುಗಿಸಿ, ತುಂಬಿದ ಬಸ್ಸಿನಲ್ಲಿ ನೇತಾಡಿಕೊಂಡು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅದೇ ದೊಡ್ಡ ತಕರಾರು. ಕಾಲೊನಿಯ ಹಿಂದೆಯೇ ಒಂದು ಶಾಲೆಯಿತ್ತು. ಅಲ್ಲಿ ಮೈದಾನವೂ ಇಲ್ಲ, ಪಿ.ಟಿ. ಮೇಷ್ಟ್ರೂ ಇಲ್ಲ. ಮುಂದಿನ ವರ್ಷ ಅಲ್ಲಿಗೇ ಎಂದು ಅಪ್ಪ ತೀರ್ಮಾನ ಮಾಡಿದ್ದರು. ನಾನು ಅತ್ತೆ, ಊಟ ಬಿಟ್ಟೆ, ಆಮೇಲೆ ಹಸಿವು ತಡೆಯದೆ ತಿಂದೆ. ಕೊನೆಗೆ ಅಮ್ಮನ ಶಿಫಾರಸಿನ ಮೇಲೆ ಅಪ್ಪ ಒಂದು ಮೆಟ್ಟಿಲು ಇಳಿದರು.

"ಮೈಕಿನ್ಯಾಗ ನಿನ್ನ ಹೆಸರು ಬಂದ್ರ ಅಲ್ಲೇ ಇರು. ಬರ್ಲಿಲ್ಲಂದ್ರ ಮುಂದಿನ ವರ್ಷ ಮನಿ ಹಂತ್ಯಾಕಿನ ಸಾಲಿ. ಮತ್ತ ಆ ಮಾತು ತಗೀಬಾರದು."

ಅಪ್ಪ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದನ್ನು ನಾನು ಕಂಡಿರಲಿಲ್ಲ. ಎರಡನೇ ಸ್ಥಾನವನ್ನು ಮೇಡಂ ಓದುತ್ತಾರೋ ಇಲ್ಲವೋ ಅದೂ ಖಾತ್ರಿಯಿಲ್ಲ. ಪಿ.ಟಿ. ಮೇಷ್ಟ್ರನ್ನು ಕೇಳಿ ಕೇಳಿ ಸಾಕು ಮಾಡಿದೆ.

"ಹೆಸ್ರು ಕೊಟ್ಟಿದೀನಮ್ಮ. ಓದೋದು ಬಿಡೋದು ಮೇಡಂಗೆ ಬಿಟ್ಟಿದ್ದು. ನನ್ ತಲೆ ತಿನ್ಬೇಡ ಹೋಗು."

ಆ ದಿನ ಬಂತು. ಬಿಸಿಲೆಂದರೆ ಬಿಸಿಲು. ಮೈದಾನದ ಮಣ್ಣು ಲಂಗದೊಳಗಿಂದಲೂ ಸುಡುತ್ತಿತ್ತು. ಪಕ್ಕದಲ್ಲಿ ನನ್ನ ಗೆಳತಿ ಶಾಹೀನ್ ಕೂತಿದ್ದಳು. ಅವಳ ಮನೆ ಶಿವಾಜಿನಗರದಲ್ಲಿ, ಅವರ ತಂದೆಗೆ ಅಲ್ಲೇ ಬಟ್ಟೆ ಅಂಗಡಿ.

"ಗಿರ್ಜಾ, ಸ್ವಲ್ಪ ಸುಮ್ನೆ ಕೂತ್ಕೊಳೆ. ನೀನು ಅಲ್ಲಾಡಿದ್ರೆ ನಂಗೂ ಟೆನ್ಶನ್ ಆಗ್ತದೆ."

ಸುಮ್ಮನೆ ಕೂರುವುದಾದರೂ ಹೇಗೆ? ರ್‍ಯಾಂಕುಗಳ ಸುದ್ದಿ ಮುಗಿಯಿತು. ಪ್ರಬಂಧ ಮುಗಿಯಿತು. ಚಿತ್ರಕಲೆಗೆ ಬಂದರು. ಇನ್ನು ಆಟೋಟ ಎನ್ನುವಾಗ ಮೇಡಂ ನೀರು ಕುಡಿದರು. ಅಷ್ಟು ನಿಧಾನವಾಗಿ ನೀರು ಕುಡಿದವರನ್ನು ನಾನು ಆಮೇಲೂ ಕಂಡಿಲ್ಲ. ಲೋಟ ಕೆಳಗಿಟ್ಟು, "ಆಟೋಟ ವಿಭಾಗ" ಎಂದರು. ಗೊರ್ ಎಂದು ಸದ್ದು ಮಾಡಿ ಮೈಕು ಸತ್ತುಹೋಯಿತು. ಏಪ್ರಿಲಿನ ಕರೆಂಟು, ಅದಕ್ಕೆ ಯಾರ ಹಂಗು?

ಮೇಡಂ ಸ್ವಲ್ಪ ಹೊತ್ತು ಕಾದರು. ಬರುವುದಿಲ್ಲ ಎಂದಾದ ಮೇಲೆ ಬರೀ ಗಂಟಲಿನಲ್ಲಿ ಓದತೊಡಗಿದರು. ಖೋಖೋ ಆಯಿತು, ಥ್ರೋಬಾಲ್ ಆಯಿತು.

"ಎಂಟುನೂರು ಮೀಟರ್ ಓಟ, ದ್ವಿತೀಯ ಸ್ಥಾನ. ಎಂಟನೇ ತರಗತಿ, ಹಾವೇರಿಯ ಬಸವರಾಜಪ್ಪನವರ ಮಗಳು ಗಿರಿಜಾ."

ಶಾಹೀನ್ ನನ್ನ ಬೆನ್ನಿಗೆ ಗುದ್ದಿದಳು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನನಗೆ ಅರ್ಧ ಖುಷಿ, ಅರ್ಧ ಉರಿ. ಹೆಸರು ಬಂತು, ಆದರೆ ಬೀದಿಗೆ ಬರಲಿಲ್ಲ.

ಗೇಟು ತೆರೆದದ್ದೇ ಇಬ್ಬರೂ ಬೇಕರಿಗೆ ಓಡಿದೆವು. ಶಾಹೀನ್ ಹೇಳಿದರೆ ನಿಯಮ ಮುರಿದ ಹಾಗಾಗುವುದಿಲ್ಲವಲ್ಲ. ಅವಳು ಬಾಯಿ ತೆರೆಯುವ ಮೊದಲೇ ಸೆಲ್ವಂ ಅಣ್ಣ ನನ್ನನ್ನು ನೋಡಿ ಕೇಳಿದ.

"ಗಿರಿಜಾ ನೀನೇನಾಮ್ಮಾ? ನಿಮ್ಮಪ್ಪ ಇಷ್ಟು ಹೊತ್ತು ಇಲ್ಲೇ ನಿಂತಿದ್ರು. ಬಿಳಿ ಶರ್ಟು."

"ನಮ್ಮಪ್ಪಾನಾ? ಅವ್ರಿಗೆ ಸೆಕೆಂಡ್ ಶಿಫ್ಟು, ಬರಲ್ಲ ಅಂದಿದ್ರು."

"ಅವರೇಮ್ಮಾ. ಮಗಳ ಹೆಸರು ಬರ್ತದೆ, ಕೇಳೋಕೆ ಬಂದೆ ಅಂದ್ರು. ಒಳಗೆ ಹೋಗಿ ಸಾರ್ ಅಂದ್ರೆ ಬೇಡ ಅಂದ್ರು. ಮೈಕ್ ನಿಂತೋಯ್ತಲ್ಲ, ಮತ್ತೆ ಬರ್ತದೇನೋ ಅಂತ ಕಾದ್ರು, ಮುಗೀತು ಅಂದ್ಕೊಂಡು ಈಗಷ್ಟೇ ಹೊರಟ್ರು."

ಬಿಳಿ ಶರ್ಟು ಅಪ್ಪ ಮದುವೆ ಮನೆಗಳಿಗೆಂದೇ ಇಸ್ತ್ರಿ ಮಾಡಿಸಿ ಇಟ್ಟಿದ್ದು. ಅದನ್ನು ಹಾಕಿಕೊಂಡು, ಗೇಟಿನೊಳಗೆ ಬರಲು ಸಂಕೋಚಪಟ್ಟು, ಬೇಕರಿಯ ಮುಂದೆ ನಿಂತು ಇವರು ಎಲ್ಲರ ಮಕ್ಕಳ ಹೆಸರು ಕೇಳಿದ್ದಾರೆ, ನನ್ನದೊಂದು ಬಿಟ್ಟು. ರಾತ್ರಿ ಅವರು ಮನೆಗೆ ಬಂದ ಮೇಲೆ ಹೇಳಬಹುದಿತ್ತು. ಅಷ್ಟು ತಾಳ್ಮೆ ಇದ್ದವಳಾಗಿದ್ದರೆ ನಾನು ಓಟಗಾರ್ತಿ ಆಗುತ್ತಿದ್ದೆನೇ?

ಬ್ಯಾಗನ್ನು ಶಾಹೀನ್ ಕೈಗೆ ಎಸೆದು ಬಸ್ ಸ್ಟಾಪಿಗೆ ಓಡಿದೆ. ಬಿಳಿ ಶರ್ಟು ಬಸ್ ಹತ್ತುತ್ತಿತ್ತು. ನಾನು ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಅದರ ಹಿಂದೆ ಬಿದ್ದೆ. ಕಾದ ಟಾರು ಅಂಗಾಲು ಸುಡುತ್ತಿತ್ತು, ಆಟೋದವರು ಬೈಯುತ್ತಿದ್ದರು. ಸಿಗ್ನಲಿನಲ್ಲಿ ಬಸ್ಸು ಸಿಕ್ಕೇ ಸಿಗುತ್ತದೆ ಎಂದುಕೊಂಡರೆ ಆವತ್ತು ಹಾಳಾದ್ದು ಹಸಿರು ದೀಪ. ಹಿಂದಿನ ಸೀಟಿನ ಕಿಟಕಿಯಲ್ಲಿ ಅಪ್ಪನ ತಲೆ ಹೊರಗೆ ಬಂತು.

"ಏ ಗಿರಿಜಾ, ಗಾಡಿಗೋಳು ಬರ್ತಾವು, ಹುಷಾರು!"

"ಅಪ್ಪಾ, ಓದಿದ್ರು!" ಎಂದು ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ಅದು ಅವರಿಗೆ ಕೇಳಿಸಲಿಲ್ಲ. ಆದರೆ ಅವರು ತಲೆ ಒಳಗೆ ಎಳೆದುಕೊಳ್ಳಲೂ ಇಲ್ಲ. ಮುಂದಿನ ಸ್ಟಾಪಿನವರೆಗೂ ನನ್ನನ್ನೇ ನೋಡುತ್ತಿದ್ದರು. ಅವರು ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ನಾನು ಅಲ್ಲಿದ್ದೆ.

ಅಪ್ಪ ನನ್ನ ಕಾಲು ನೋಡಿದರು, ಕೈಯಲ್ಲಿದ್ದ ಚಪ್ಪಲಿ ನೋಡಿದರು, ತಿರುಗಿ ನಾನು ಓಡಿ ಬಂದ ರಸ್ತೆಯನ್ನು ನೋಡಿದರು. ಅವರು ನನ್ನ ಓಟ ಕಂಡದ್ದು ಅದೇ ಮೊದಲು.

"ನೀನು ಎರಡನೇದ ಬಂದಿದ್ದಿಯಲ್ಲ," ಎಂದರು. "ಹಂಗಾರ ಒಂದನೇದ ಬಂದಾಕಿ ಏನ್ ಓಡಿರಬೇಕವಾ?"

ನನಗೆ ಏದುಸಿರು. "ಹೆಸ್ರು ಓದಿದ್ರಪ್ಪಾ. ಕರೆಂಟ್ ಹೋದ್ಮೇಲೆ ಓದಿದ್ರು. ನಿಮ್ ಹೆಸ್ರೂ ಓದಿದ್ರು."

"ನಂದೂ ಓದಿದ್ರ?" ಅಪ್ಪ ಒಂದು ಹೆಜ್ಜೆ ಹತ್ತಿರ ಬಂದರು. "ಹೆಂಗ ಓದಿದ್ರು? ಮೇಡಂ ಹೇಳಿದಂಗ ಹೇಳು."

ಬಸ್ ಸ್ಟಾಪಿನಲ್ಲಿ ಜನ ನಿಂತಿದ್ದರು. ನಾನು ಚಪ್ಪಲಿ ಕೆಳಗಿಟ್ಟು, ಮೇಡಂ ತರಹ ನೆಟ್ಟಗೆ ನಿಂತು, ಹಾವೇರಿಯ ಬಸವರಾಜಪ್ಪನವರ ಮಗಳು ಗಿರಿಜಾ ಎಂದೆ.

"ಜೋರ ಹೇಳು."

ಜೋರಾಗಿ ಹೇಳಿದೆ. ಬುಟ್ಟಿ ಹಿಡಿದ ಹೆಂಗಸೊಬ್ಬಳು ನಕ್ಕಳು. ಅಪ್ಪ ಕಾಲರು ಸರಿ ಮಾಡಿಕೊಂಡರು.

"ಆತು. ಅದ ಸಾಲ್ಯಾಗ ಇರು," ಎಂದು ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದರು.

ಜೂನಿನಲ್ಲಿ ಶಾಲೆ ತೆರೆದಾಗ ಶಾಹೀನ್, "ನಿನ್ನ ಪಾಲಿನ ಬನ್ನು ನಾನೇ ತಿಂದೆ, ಸೌತೆಕಾಯೀನೂ," ಎಂದಳು. ಬೀದಿಯುದ್ದಕ್ಕೂ ನನ್ನ ಹೆಸರು ಹೇಳಿ ವಸೂಲು ಮಾಡಿದ್ದಳಂತೆ, ಕನ್ನಡ, ತಮಿಳು, ಉರ್ದು ಮೂರರಲ್ಲೂ.

ನನ್ನ ಮಗಳ ಶಾಲೆಯಲ್ಲಿ ಈಗ ಸುದ್ದಿ ಫೋನಿಗೇ ಬರುತ್ತದೆ. ಬಣ್ಣಬಣ್ಣದ ಪುಟ, ನಗುವ ಫೋಟೋ. ಕೆಳಗೆ ಮಗುವಿನ ಹೆಸರೊಂದೇ, ಯಾರ ಮಗಳು ಎಂದು ಇರುವುದಿಲ್ಲ. ಗುಂಪಿನಲ್ಲಿ ಸಾಲಾಗಿ ಚಪ್ಪಾಳೆಯ ಚಿತ್ರಗಳು ಬೀಳುತ್ತವೆ, ಸಂಜೆಯ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಕರೆಂಟು ಹೋದರೂ ನಿಲ್ಲದ ಸುದ್ದಿ, ಆದರೆ ಬೀದಿಗೆ ಒಂದಕ್ಷರವೂ ಕೇಳಿಸುವುದಿಲ್ಲ. ಕೇಳಲು ಬಿಳಿ ಶರ್ಟು ಹಾಕಿಕೊಂಡು ಬರುವ ಅಪ್ಪನೂ ಈಗಿಲ್ಲ.

ಈ ಸಲ ಮಗಳು ಈಜಿನಲ್ಲಿ ಮೂರನೆಯವಳಾದಳು. ಸುದ್ದಿ ಬಂದಾಗ ನನಗೆ ಕೂರಲಾಗಲಿಲ್ಲ. ಫೋನು ಹಿಡಿದು ಬಾಲ್ಕನಿಗೆ ಹೋದೆ. ಕೆಳಗೆ ಇಂದಿರಾನಗರದ ಸಂಜೆಯ ಟ್ರಾಫಿಕ್ಕು.

"ಅಮ್ಮಾ, ಏನ್ಮಾಡ್ತಿದೀಯ?" ಎಂದು ಮಗಳು ಹಿಂದಿನಿಂದ ಕೇಳಿದಳು.

"ಈಜು, ತೃತೀಯ ಸ್ಥಾನ," ಎಂದು ಓದಿದೆ. "ಹಾವೇರಿಯ ಬಸವರಾಜಪ್ಪನವರ ಮೊಮ್ಮಗಳು."

ಕೆಳಗೆ ಯಾರೂ ತಲೆ ಎತ್ತಲಿಲ್ಲ. ನಾನು ಇನ್ನೂ ಜೋರಾಗಿ ಓದಿದೆ.