ದುರ್ಬೀನಿಗೆ ಹಚ್ಚಿದ ಕುಂಕುಮ

ಆಫ್ರಿಕಾದ ಬಯಲಿಗೆ ಬೇಟೆಗೆ ಹೋಗುವವನು ಯಾವ ರೈಫಲ್ ಒಯ್ಯಬೇಕು, ಯಾವ ತೋಟಾ ತುಂಬಬೇಕು ಎಂದು ನಾನು ಮೂರು ವರ್ಷ ಯೋಚಿಸಿದ್ದೇನೆ. ಮದುವೆಗೆ ಮುಂಚೆ ಮೂರು ವಾರ ಯೋಚಿಸಿರಲಿಲ್ಲ. ಮೈಸೂರಿನಲ್ಲಿ ಬೆಳೆದ ನಾನು ಕೊಂದದ್ದು ಸೊಳ್ಳೆಗಳನ್ನು ಮಾತ್ರ, ಅದೂ ಬರಿಗೈಯಲ್ಲಿ. ಮಿಶಿಗನ್ನಿನ ಲಿವೋನಿಯಾಕ್ಕೆ ಬಂದ ಮೇಲೆ ಈ ಹುಚ್ಚು ಹಿಡಿಸಿದವನು ಶಿವಾನಂದ. ಹುಬ್ಬಳ್ಳಿಯವನು, ನಮ್ಮಿಂದ ಐದು ಗಂಟೆ ದಾರಿಯ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಎಂಜಿನಿಯರ್, ಪ್ರತಿ ನವೆಂಬರಿನಲ್ಲೂ ಜಿಂಕೆ ಹೊಡೆಯುವವನು. ಬರುವ ಜೂನಿನಲ್ಲಿ ಇಬ್ಬರೂ ನಮೀಬಿಯಾಕ್ಕೆ ಹೋಗುವುದೆಂದು ಮಾತಾಗಿತ್ತು. ನನಗೆ ಬೇಕಾದದ್ದು ಒಂದೇ ಒಂದು ಕುಡು: ಕುದುರೆಯಷ್ಟು ಎತ್ತರದ, ಸುರುಳಿಯಾಗಿ ತಿರುಚಿದ ಕೋಡಿನ ಜಿಂಕೆ. ಯಾಕೆ ಬೇಕು ಎಂದು ಕೇಳಬೇಡಿ. ಹೆಂಡತಿ ವೀಣಾ ಕೇಳಿದಾಗಲೂ ಕೋಡಿನ ಫೋಟೋ ತೋರಿಸಿದ್ದೆ, ಅಷ್ಟೇ.

ತ್ರೀ-ಓ-ಎಯ್ಟ್ ತೋಟಾದ ರೈಫಲ್ ಭುಜಕ್ಕೆ ಮೆತ್ತಗೆ ಒದೆಯುತ್ತದೆ. ಆದರೆ ಕುಡು ಬಿದ್ದೀತೇ ಎಂಬ ಅನುಮಾನ. ತ್ರೀ-ಹಂಡ್ರೆಡ್ ಮ್ಯಾಗ್ನಮ್ ದೂರಕ್ಕೆ ಹೋಗುತ್ತದೆ. ಆದರೆ ಅದರ ಒದೆತಕ್ಕೆ ಹೆದರಿ ಕಣ್ಣು ಮೊದಲೇ ಮುಚ್ಚಿಕೊಳ್ಳುತ್ತದೆ. ನಡುವೆ ಇರುವುದು ನೂರು ವರ್ಷ ದಾಟಿದ, ಅಜ್ಜನಂಥ ಥರ್ಟಿ-ಆಟ್-ಸಿಕ್ಸ್. ನಡುದಾರಿ ಹಿಡಿಯುವುದು ಸೋತಂತೆ ಎಂದು ನನಗೆ ಯಾಕೋ ಅನಿಸುತ್ತಿತ್ತು.

“ಯಾವ ತೋಟಾ ಆದ್ರೇನಲೇ!” ಎಂದು ಶಿವಾನಂದ ಬೈಯುತ್ತಿದ್ದ. “ಪ್ರಾಣಿ ಭುಜಕ್ಕ ಸರಿಯಾಗಿ ಬಿದ್ರ ಯಾವುದಕ್ಕಾದ್ರೂ ಬೀಳತೈತಿ. ಹೊಟ್ಟಿಗೆ ಹೊಡದ್ರ ನೀ ತೋಪು ತಂದ್ರೂ ಓಡತೈತಿ.”

ಸದ್ಯಕ್ಕಿರಲಿ ಎಂದು ಅಭ್ಯಾಸಕ್ಕೊಂದು ತ್ರೀ-ಓ-ಎಯ್ಟ್ ಕೊಂಡೆ. ಆಯುಧಪೂಜೆ ಬಂತು. ವೀಣಾ ಗ್ಯಾರೇಜಿನಲ್ಲಿ ಕಾರಿಗೆ, ಹಿಮ ತಳ್ಳುವ ಯಂತ್ರಕ್ಕೆ, ನನ್ನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ ರೈಫಲ್ಲಿನತ್ತ ತಿರುಗಿದಳು.

“ಅದಕ್ಕೂ ಯಾಕೆ?” ಎಂದೆ.

“ಈ ಮನೇಲಿ ನಿಜವಾದ ಆಯುಧ ಅಂತ ಇರೋದು ಅದೊಂದೇ ಕಣ್ರೀ,” ಎಂದವಳು ರೈಫಲ್ಲಿನ ದುರ್ಬೀನಿನ ಗಾಜಿಗೇ ಒಂದು ಬೊಟ್ಟಿಟ್ಟಳು.

ಮುಂದಿನ ಶನಿವಾರ ಶಿವಾನಂದ ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದ. ಇಬ್ಬರೂ ಗುಂಡು ಹೊಡೆಯುವ ಮೈದಾನಕ್ಕೆ ಹೋದೆವು. ಸುತ್ತ ಮೇಪಲ್ ಮರಗಳು ಕೆಂಪಾಗಿದ್ದವು ಎಂದು ಬರೆದು ಹೊಡೆದುಹಾಕಿದ್ದೇನೆ. ಮಿಶಿಗನ್ನಿನ ನೆನಪುಗಳಿಗೆಲ್ಲ ನಾನೇ ಆಮೇಲೆ ಕೆಂಪು ಮೇಪಲ್ ನೆಟ್ಟಿರುತ್ತೇನೆ. ಖಾತ್ರಿಯಿರುವುದು ಇಷ್ಟೇ: ದುರ್ಬೀನಿನಲ್ಲಿ ನೋಡಿದರೆ ಗುರಿಹಲಗೆಯ ನಟ್ಟನಡುವೆ ಒಂದು ಕಲೆ. ವೀಣಾಳ ಬೊಟ್ಟು ನೆನಪಾಗಿ ನಕ್ಕು, ಕರ್ಚೀಫಿನಿಂದ ಒರೆಸಿದೆ. ಬಟ್ಟೆ ಕೆಂಪಾಯಿತು. ಮತ್ತೆ ನೋಡಿದೆ. ಕಲೆ ಅಲ್ಲೇ ಇತ್ತು. ಮತ್ತೆ ಒರೆಸಿದೆ.

ಶಿವಾನಂದ ಕಣ್ಣಿಟ್ಟು ನೋಡಿದ. “ಸ್ವಚ್ಛ ಐತಲ್ಲೋ,” ಎಂದ. ಆಗ ಅವನು ನಕ್ಕನೋ ಇಲ್ಲವೋ ತಿಳಿಯದು. ನೆನಪಿನಲ್ಲಿ ಒಮ್ಮೆ ನಗುತ್ತಾನೆ, ಒಮ್ಮೆ ನನ್ನ ಕಣ್ಣನ್ನೇ ನೋಡುತ್ತಾನೆ.

ಕಲೆ ಇದ್ದದ್ದು ಕಣ್ಣಿನಲ್ಲೇ; ಬಲಗಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಎಡಗಣ್ಣಿನ ಮೇಲೆ ನಿಗಾ ಇರಲಿ ಎಂದು ಚೌಕುಳಿ ಗೆರೆಗಳ ಒಂದು ಹಾಳೆ ಕೊಟ್ಟರು: ಪ್ರತಿ ಬೆಳಗ್ಗೆ ಬಲಗಣ್ಣು ಮುಚ್ಚಿ ನೋಡಬೇಕು, ಗೆರೆ ಬಾಗಿ ಕಂಡರೆ ಅಂದೇ ಫೋನ್ ಮಾಡಬೇಕು. ಅದನ್ನು ಫ್ರಿಜ್ಜಿಗೆ ಅಂಟಿಸಿದೆವು.

ಹಿಂದೆ ಶಬ್ದವೇಧಿ ಎಂಬ ವಿದ್ಯೆಯಿತ್ತಂತೆ, ಕಾಣದೆಯೂ ಸದ್ದು ಕೇಳಿಯೇ ಹೊಡೆಯುವುದು. ಅದನ್ನು ಕಲಿತವರು ಯಾರೂ ಸುಖವಾಗಿದ್ದಂತೆ ಕೇಳಿಲ್ಲ. ಶಿವಾನಂದ ಹೇಳಿದ್ದು ಅದಕ್ಕಿಂತ ಸುಲಭ: “ಎಡಗಡೆ ಇಟ್ಕೊಂಡು ಹೊಡಿಯೋ. ಎಡಚರ ರೈಫಲ್ಲೂ ಸಿಗತಾವ.” ಎಡಗೈಯಲ್ಲಿ ಪ್ರಸಾದ ಇಸಕೊಂಡದ್ದಕ್ಕೆ ಏಟು ತಿಂದವನು ಐವತ್ತೆರಡನೆಯ ವಯಸ್ಸಿನಲ್ಲಿ ಎಡಚನಾಗಲು ಹೊರಟೆ. ಚಳಿಗಾಲವಿಡೀ ಅಭ್ಯಾಸ ಮಾಡಿದೆ. ಹತ್ತರಲ್ಲಿ ಏಳು ಗುರಿಗೆ ತಾಗತೊಡಗಿದವು. ಯಾವ ತೋಟಾ ಎಂಬ ಚಿಂತೆ ಮತ್ತೆ ಹಾಯಾಗಿ ಶುರುವಾಯಿತು.

ಇವತ್ತು ಬೆಳಗ್ಗೆ ಫ್ರಿಜ್ಜಿನ ಮುಂದೆ ನಿಂತು ಬಲಗಣ್ಣು ಮುಚ್ಚಿದೆ. ನಡುವಿನ ಎರಡು ಗೆರೆಗಳು ಕುಡುವಿನ ಕೋಡಿನಂತೆ ತಿರುಚಿಕೊಂಡಿದ್ದವು.

ಅಷ್ಟರಲ್ಲಿ ಶಿವಾನಂದನ ಫೋನು. “ಲೇ, ಈಗರ ಹೇಳು. ಯಾವುದು ಫೈನಲ್?”

“ಥರ್ಟಿ-ಆಟ್-ಸಿಕ್ಸ್,” ಎಂದೆ.

“ಅಬ್ಬಾ! ಮೂರು ವರ್ಷ ನನ್ನ ಜೀವಾ ತಿಂದು ಇವತ್ತ ಇಷ್ಟ ಲಗೂ?”

ತೀರ್ಮಾನಿಸಲಾಗದೆ ಒದ್ದಾಡಿದ ಆ ಮೂರು ವರ್ಷವೇ ಸುಖವಾಗಿತ್ತು. ಫೋನಿಟ್ಟೆ. ಡಾಕ್ಟರ ನಂಬರು ಆ ಹಾಳೆಯ ಕೆಳಗೇ ಇತ್ತು.

“ಏನ್ರೀ ಅದು, ಬೆಳಬೆಳಗ್ಗೆ ಫ್ರಿಜ್ ಒರೆಸ್ತಾ ಇದೀರಾ?” ಎಂದಳು ವೀಣಾ ಒಲೆಯ ಬಳಿಯಿಂದ.

“ಕುಂಕುಮ ಅಂಟಿದೆ,” ಎಂದೆ. ಇನ್ನೂ ಒರೆಸುತ್ತಲೇ ಇದ್ದೆ.