ಗೋಡೆಗೆ ತೂಗುಹಾಕಿದ ಗಿಟಾರ್

ಗಿಟಾರ್ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ನಾನು ಕುರ್ಚಿಯಲ್ಲಿ, ಗೆಳೆಯ ಶ್ರೀಧರ ನೆಲದ ಮೇಲೆ. ಇಬ್ಬರ ಕೈಯಲ್ಲೂ ಕಾಫಿ ಲೋಟ. ಗಿಟಾರನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದು ನುಡಿಯಿತು.

ಮೂರು ಸಲ.

ದೆವ್ವದ ಕಥೆ ಎಂದು ಖುಷಿಪಡಬೇಡಿ. ಆ ಹೊತ್ತಿಗೆ ಗೋಡೆಯ ಆಚೆ, ಪಕ್ಕದ ಮನೆಯ ಬಚ್ಚಲಿನಲ್ಲಿ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ವಿಮಲಾ ಮೇಡಂ ಕಾಲು ಮುರಿದುಕೊಂಡು ಬಿದ್ದಿದ್ದರು. ಒಳಗಿನಿಂದ ಚಿಲಕ. ಅವರ ಯಜಮಾನರು ಮಲ್ಲೇಶ್ವರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ನಿಮಗೆ ಮಾತ್ರ ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನು ಓದುತ್ತಾ ನೀವು ನಮ್ಮನ್ನು ಬೈಯಬೇಕು. (ಬೈದರೆ ನನಗೂ ಸ್ವಲ್ಪ ಹಗುರವಾದೀತು.)

ಚಾಮರಾಜಪೇಟೆಯ ಹಳೇ ಮನೆಗಳು ನಿಮಗೆ ಗೊತ್ತಲ್ಲ, ಒಂದೇ ಗೋಡೆಗೆ ಎರಡು ಸಂಸಾರ. ಶ್ರೀಧರನದೂ ಅಂಥದ್ದೇ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಪಕ್ಕದಲ್ಲಿ ಕುಸ್ತಿ ನಡೆದರೂ ಕೇಳಿಸುವುದಿಲ್ಲ ಎಂದು ಶ್ರೀಧರ ಹೆಮ್ಮೆಪಡುತ್ತಾನೆ. ವಾರವಿಡೀ ಅವನಿಗೆ ಆಫೀಸು, ಭಾನುವಾರ ಎಸ್.ಪಿ. ರಸ್ತೆಯಿಂದ ತಂದ ಬಿಡಿಭಾಗಗಳ ಮುಂದೆ ತಪಸ್ಸು. ನಾಲ್ಕು ವರ್ಷ ಬೆಸುಗೆ ಹಾಕಿ ಹಾಕಿ ಅವನೊಂದು ಮಾಡ್ಯುಲರ್ ಸಿಂಥಸೈಜರ್ ಕಟ್ಟಿದ್ದಾನೆ. ಒಂದು ಪೆಟ್ಟಿಗೆ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂದು ನೋಡಿಕೊಳ್ಳುತ್ತದೆ. ನಡುವೆಲ್ಲ ಶಾವಿಗೆಯಂತೆ ವೈರು.

ಇದಕ್ಕೆ ನನ್ನ ಎಲೆಕ್ಟ್ರಿಕ್ ಗಿಟಾರ್ ಜೋಡಿಸಬೇಕೆನ್ನುವುದು ನಮ್ಮಿಬ್ಬರ ಹುಚ್ಚು. ತಂತಿ ಮೀಟಿದರೆ ಗಿಟಾರಿನ ದನಿ ಬರಬಾರದು. ಆ ಮೀಟಿಗೆ ಯಂತ್ರ ತನ್ನ ದನಿಯಲ್ಲಿ ಹಾಡಬೇಕು.

ಆದರೆ ಗಿಟಾರಿನಿಂದ ಬರುವ ಕರೆಂಟು ಇಷ್ಟೇ ಇಷ್ಟು. ಯಂತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಬೆಳಗಿನಿಂದ ಮೀಟಿ ಮೀಟಿ ನನ್ನ ಬೆರಳು ನೊಂದವು. ಕೊನೆಗೆ ಶ್ರೀಧರ ಒಂದರ ಹಿಂದೊಂದು ಎರಡು ಆಂಪ್ಲಿಫೈಯರ್ ಹಾಕಿ ಎರಡನ್ನೂ ಪೂರ್ತಿ ತಿರುಗಿಸಿದ. ಈಗ ತಂತಿಯ ಮೇಲೆ ಉಸಿರು ಬಿಟ್ಟರೂ ಸ್ಪೀಕರಿನಿಂದ "ಊಂ" ಎನ್ನುವ ಆಳದ ದನಿ. ನಿದ್ದೆಯಲ್ಲಿ ಯಾರೋ ನರಳಿದ ಹಾಗೆ. ಕಿಟಕಿಯ ಗಾಜು ಅದುರಿತು. ನಾವು ಕುಣಿದುಬಿಟ್ಟೆವು! ಗಿಟಾರನ್ನು ಮೊಳೆಗೆ ಹಾಕಿ ಕಾಫಿಗೆ ಕೂತೆವು. ವೈರು ಕಿತ್ತಿರಲಿಲ್ಲ.

ಆಗ ಬಂತು. ಊಂ. ಊಂ. ಊಂ.

"ಬಸ್ ಹೋಯ್ತೇನೋ," ಎಂದೆ.

"ಈ ಗಲ್ಲೀಲಿ ಯಾವ ಬಸ್ಸು ಗುರು?"

ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಬಂತು, ಈ ಸಲ ಎರಡು. ಹತ್ತಿರ ಹೋಗಿ ನೋಡಿದೆ. ದಪ್ಪ ತಂತಿ ತನ್ನಷ್ಟಕ್ಕೆ ತಾನು ನಡುಗುತ್ತಿತ್ತು. ಫ್ಯಾನ್ ಆಫ್ ಮಾಡಿದೆವು. ಮತ್ತೆ ನಾಲ್ಕು ಸಲ. ಆಮೇಲೂ ನಾಲ್ಕು. ಗಾಳಿಗೆ ಎಣಿಸಲು ಬರುತ್ತದೆಯೇ? ಅರ್ಥಿಂಗ್ ಕೆಟ್ಟರೆ ಹೀಗೆ ಲೆಕ್ಕ ಹಾಕಿ ಸದ್ದು ಬರುತ್ತದೆಯೇ?

ಹಾಡುಹಗಲು ಹನ್ನೆರಡು ಗಂಟೆ. ಹೊರಗೆ ಸೊಪ್ಪು ಮಾರುವವಳು ಕೂಗುತ್ತಿದ್ದಳು. ನನ್ನ ಮೈ ಮಾತ್ರ ಜುಮ್ಮೆಂದಿತು.

ಶ್ರೀಧರನಿಗೆ ಖುಷಿಯೋ ಖುಷಿ. "ಏನ್ ಸಖತ್ತಾಗಿದೆ ಮಗಾ! ಇರು, ರೆಕಾರ್ಡ್ ಮಾಡ್ಕೊಳ್ತೀನಿ."

"ಬೇಡ ಗುರು, ಮೊದ್ಲು ನಿಲ್ಸು. ನನ್ ಕೈಲಿ ಕೇಳಕ್ಕಾಗ್ತಿಲ್ಲ."

"ಅಲ್ಲಿ ಕೆಂಪು ನಾಬ್ ಇದೆಯಲ್ಲ, ತಿರುಗ್ಸು. ಸಣ್ಣಪುಟ್ಟದ್ದೆಲ್ಲ ಕಟ್ಟಾಗುತ್ತೆ."

ತಿರುಗಿಸಿದ್ದು ನಾನು. ಇಂತಿಷ್ಟಕ್ಕಿಂತ ಮೆಲ್ಲಗಿನ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಯಂತ್ರಕ್ಕೆ ಹೇಳುವುದು ಆ ನಾಬಿನ ಕೆಲಸ. ಸ್ವಲ್ಪ ತಿರುಗಿಸಿದೆ. ನಾಲ್ಕಿದ್ದದ್ದು ಮೂರಾಯಿತು. ಇನ್ನಷ್ಟು ತಿರುಗಿಸಿದೆ. ಒಂದಾಯಿತು. ತಂತಿ ನಡುಗುತ್ತಲೇ ಇತ್ತು. ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ ತಿರುಗಿಸಿದೆ. ಎಲ್ಲ ನಿಂತಿತು.

"ನೋಡು, ಓಡೋಯ್ತು ನಿನ್ ದೆವ್ವ," ಎಂದು ಶ್ರೀಧರ ನಕ್ಕ. ನಾನೂ ನಕ್ಕೆ. ಸ್ವಿಚ್ ಆರಿಸಿ, ಬೀಗ ಹಾಕಿ, ಬಸವನಗುಡಿಗೆ ಹೋಗಿ ಭರ್ಜರಿ ಊಟ ಹೊಡೆದೆವು.

ಹೆದರಿಕೆಯಾದಾಗ ನಾವು ಮಾಡುವುದೇ ಇದಲ್ಲವೇ? ಎದ್ದು ಹೋಗಿ ಏನೆಂದು ನೋಡುತ್ತೇವೆಯೇ? ಸದ್ದು ನಿಂತರೆ ಸಾಕು ನಮಗೆ. ಫೋನ್ ರಿಸೀವರ್ ಎತ್ತಿ ಪಕ್ಕಕ್ಕಿಡುತ್ತೇವೆ. ಕಾಲಿಂಗ್ ಬೆಲ್ ಹೊಡೆದುಕೊಂಡರೆ ಟಿವಿ ವಾಲ್ಯೂಮ್ ಇಳಿಸಿ, ಮನೆಯಲ್ಲಿ ಯಾರೂ ಇಲ್ಲದವರಂತೆ ಉಸಿರು ಬಿಗಿಹಿಡಿದು ಕೂರುತ್ತೇವೆ. (ನಾನಂತೂ ಕೂತಿದ್ದೇನೆ.)

ನಾಲ್ಕು ಗಂಟೆಗೆ ವಾಪಸ್ ಬಂದರೆ ಪಕ್ಕದ ಮನೆಯ ಮುಂದೆ ಜನ. ಮೇಡಂ ಯಜಮಾನರು ಆಗಷ್ಟೇ ಬಂದು ಬಚ್ಚಲಿನ ಬಾಗಿಲು ಬಡಿಯುತ್ತಿದ್ದರು. ನಾವೂ ಹೆಗಲು ಕೊಟ್ಟೆವು. ಬಾಗಿಲು ಮುರಿಯಿತು. ಮೇಡಂಗೆ ಪ್ರಜ್ಞೆ ಇರಲಿಲ್ಲ. ಬಲಗೈ ಗೋಡೆಗೆ ಆನಿಕೊಂಡಿತ್ತು, ಗೆಣ್ಣುಗಳೆಲ್ಲ ತರಚಿ ರಕ್ತ. ಆ ಗೋಡೆಯ ಆಚೆಗೇ ನನ್ನ ಗಿಟಾರ್. ನಾನು ಶ್ರೀಧರನ ಮುಖ ನೋಡಿದೆ. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ.

ಬದುಕಿದರು. ಎರಡು ಆಪರೇಷನ್ ಆಯಿತು. ಇನ್ನೆರಡು ಗಂಟೆ ಮೊದಲೇ ಕರೆತಂದಿದ್ದರೆ ಒಂದರಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇಬ್ಬರೂ ಹೋಗಿ ನಿಜ ಹೇಳಿ ಕಾಲಿಗೆ ಬೀಳುವುದೆಂದು ತೀರ್ಮಾನಿಸಿ, ಮೊನ್ನೆ ಒಂದು ಚೀಲ ಮೂಸಂಬಿ ಹಿಡಿದು ಆಸ್ಪತ್ರೆಗೆ ಹೋದೆವು. ನಾವು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

"ನೀವಿಬ್ರೂ ಇಲ್ದಿದ್ರೆ ಹೆದರ್ಕೊಂಡೇ ಸತ್ತೋಗ್ತಿದ್ದೆ ಕಣಪ್ಪಾ. ಮೊದ್ಲು ಕೂಗ್ದೆ, ಯಾರಿಗೂ ಕೇಳಿಸ್ಲಿಲ್ಲ. ಆಮೇಲೆ ಗೋಡೆ ಗುದ್ದಿದೆ. ಮೂರು ಗುದ್ದಿದ್ರೆ ಆ ಕಡೆಯಿಂದ ಮೂರು ಸಲ ಊಂ ಅಂದ್ರಿ. ಪರೀಕ್ಷೆ ಮಾಡೋಣ ಅಂತ ಎರಡು ಗುದ್ದಿದೆ, ಎರಡೇ ಬಂತು. ಸದ್ಯ, ಯಾರಿಗೋ ಗೊತ್ತಾಗಿದೆ, ಬರ್ತಾರೆ ಅಂತ ಕೂಗೋದನ್ನೇ ಬಿಟ್ಬಿಟ್ಟೆ."

ಶ್ರೀಧರ ಕಿಟಕಿಯ ಕಡೆ ತಿರುಗಿ ನಿಂತ. ಮೇಡಂ ಇನ್ನೂ ಏನನ್ನೋ ಕೇಳಲು ಹಿಂಜರಿಯುತ್ತಿದ್ದರು. ಕೊನೆಗೆ ಮೆಲ್ಲಗೆ ಕೇಳಿಯೇಬಿಟ್ಟರು.

"ಆಮೇಲೆ ನಾಲ್ಕು ಗುದ್ದಿದ್ರೆ ಮೂರೇ ಬಂತು. ಆಮೇಲೆ ಒಂದು. ಆಮೇಲೆ ಏನೂ ಇಲ್ಲ. ಯಾಕಪ್ಪಾ, ನಾನೇನಾದ್ರೂ ತಪ್ಪು ಎಣಿಸಿದ್ನಾ?"