ಶರಣಪ್ಪನವರ ಕೆಳಗಿನ ಸಾಲು

ಶರಣಪ್ಪನವರು ಹನ್ನೊಂದು ವರ್ಷ ಬ್ರಾಂದಿ ಹದ ಮಾಡಿದರು. ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ. ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ಕೈ ಉಜ್ಜಿ, ಎರಡೂ ಅಂಗೈಗಳನ್ನು ಮೂಗಿಗೆ ಹಿಡಿಯುತ್ತಿದ್ದರು. ದೂರದಿಂದ ನೋಡಿದವರಿಗೆ ಮುಖ ಮುಚ್ಚಿಕೊಂಡು ಅಳುತ್ತಿದ್ದಾರೆ ಅನ್ನಿಸಬೇಕು, ಹಾಗೆ.

ಅವರು ಭಾಲ್ಕಿ ಕಡೆಯ ಲಿಂಗಾಯತರು. ಹೆಂಡದ ಕಾರ್ಖಾನೆ ಸೇರಿದೆಯಲ್ಲ ಎಂದು ಊರಿನ ನೆಂಟರು ಚುಚ್ಚಿದರೆ, “ಲಿಂಗ ಕೊಳ್ಳಾಗ ಅದರಿ, ಮೂಗಿನಾಗ ಇಲ್ಲ” ಅನ್ನುತ್ತಿದ್ದರು.

ಕಾರ್ಖಾನೆ ಇದ್ದದ್ದು ಮರಾಠಿ ನಾಡಿನ ಪಿಂಪಳಗಾಂವ್ ಬಸವಂತದ ಹತ್ತಿರ. ಉಡುಪಿ ಕಡೆಯ ನಾನು ಅಲ್ಲಿ ಕೆಮಿಸ್ಟ್. ನಾನು ಸೇರುವುದಕ್ಕೆ ಮೊದಲೇ, ಅರವತ್ತರ ದಶಕದ ಆರಂಭದಲ್ಲಿ, ಮಾಲೀಕರು ಸ್ಪೇನಿನಿಂದ ಹಳೆಯ ಓಕ್ ಪೀಪಾಯಿಗಳನ್ನು ತರಿಸಿದ್ದರು. ಆ ದೇಶದ ದಕ್ಷಿಣದ ಬಿಳಿ ವೈನ್ ಬಹುಕಾಲ ಕೂತಿದ್ದ ಪೀಪಾಯಿಗಳು. ಅವುಗಳ ಜೊತೆ ಬಂದ ಅಲ್ಲಿಯ ವಯಸ್ಸಾದ ಕೆಲಸಗಾರನೊಬ್ಬ ಮೂರು ತಿಂಗಳಿದ್ದು, ಭಾಷೆ ಬಾರದೆ, ಬರೀ ಕೈಸನ್ನೆಯಲ್ಲಿ ಶರಣಪ್ಪನವರಿಗೆ ಕೆಲಸ ಕಲಿಸಿ ಹೋಗಿದ್ದ.

ಪೀಪಾಯಿಗಳು ಒಂದರ ಮೇಲೊಂದು ಮೂರು ಸಾಲು. ಬಾಟಲಿಗೆ ತುಂಬುವುದು ಕೆಳಗಿನ ಸಾಲಿನಿಂದ ಮಾತ್ರ, ಅದೂ ಒಂದು ಪಾಲು. ಖಾಲಿಯಾದಷ್ಟನ್ನು ನಡುವಿನ ಸಾಲಿನಿಂದ, ಅಲ್ಲಿ ಖಾಲಿಯಾದದ್ದನ್ನು ಮೇಲಿನ ಸಾಲಿನಿಂದ ತುಂಬಬೇಕು. ಹೊಸ ಬ್ರಾಂದಿ ಬರುವುದು ಮೇಲಿನ ಸಾಲಿಗೆ. ಹೀಗಾಗಿ ಮೊದಲ ವರ್ಷದ್ದು ಸ್ವಲ್ಪವಾದರೂ ಕೆಳಗೆ ಉಳಿದೇ ಇರುತ್ತಿತ್ತು. ಪೂರ್ತಿ ತೆಗೆದರೆ ಏನಾಗುತ್ತದೆ ಎಂದು ನಾನೊಮ್ಮೆ ಶರಣಪ್ಪನವರನ್ನು ಕೇಳಿದ್ದೆ.

“ಮನ್ಯಾಗಿನ ಮೊಸರೆಲ್ಲಾ ಉಂಡ್ರ ನಾಳಿಗಿ ಹೆಪ್ಪಿಗಿ ಏನ್ ಹಾಕ್ತೀರಿ ರಾಯರ?”

ಸುತ್ತ ಹತ್ತಾರು ಹಳ್ಳಿಗಳ ಈರುಳ್ಳಿ ಬಂದು ಬೀಳುವ ಊರಿನಲ್ಲಿ ಅವರು ಈರುಳ್ಳಿ ಬಿಟ್ಟಿದ್ದರು. ಮೂಗು ಕೆಡುತ್ತದೆಂದು. “ಕಾಂದಾ ತಿನ್ನದವರು ಪಿಂಪಳಗಾಂವ್‌ಗೆ ಯಾಕೆ ಬಂದ್ರಿ ಅಣ್ಣಾ?” ಎಂದು ಮರಾಠಿ ಕೆಲಸಗಾರರು ಕಾಡುತ್ತಿದ್ದರು. ಒಮ್ಮೆ ತಮಾಷೆಗೆ ಅವರ ಪಲ್ಯದಲ್ಲಿ ಬೆರೆಸಿಯೂ ಬಿಟ್ಟರು. ಶರಣಪ್ಪನವರು ಬೈಯಲಿಲ್ಲ. ಆ ದಿನವೆಲ್ಲ ಪೀಪಾಯಿಗಳ ಗೋದಾಮಿನ ಹೊಸ್ತಿಲಾಚೆ ಕೂತರು, ಒಳಗೆ ಕಾಲಿಡಲಿಲ್ಲ. ಮತ್ತೆ ಯಾರೂ ಆ ತಮಾಷೆ ಮಾಡಲಿಲ್ಲ.

ನನಗೂ ಅಂಗೈಯಲ್ಲಿ ನೋಡುವುದನ್ನು ಕಲಿಸಿದ್ದರು. ಮೇಲಿನ ಸಾಲಿನದು ಮೂಗನ್ನು ಇರಿಯುತ್ತಿತ್ತು. ಕೆಳಗಿನದರಲ್ಲಿ ಒಣದ್ರಾಕ್ಷಿ, ಹಳೆಯ ಮರ, ಆಮೇಲೆ ಉಪ್ಪಿನಂಥದೊಂದು. ಆ ವ್ಯತ್ಯಾಸ ನನಗೆ ಗೊತ್ತಿತ್ತು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹೊಸದಾಗಿ ಬಂದ ಮ್ಯಾನೇಜರಿಗೆ ದೊಡ್ಡದೊಂದು ಬೇಡಿಕೆಯನ್ನು ಬೇಗ ಪೂರೈಸಬೇಕಿತ್ತು. ಕೆಳಗಿನ ಸಾಲನ್ನು ಪೂರ್ತಿ ಬಾಟಲಿಗೆ ತುಂಬಿಸಿ, ಆ ಪೀಪಾಯಿಗಳಿಗೆ ನೇರವಾಗಿ ಹೊಸದನ್ನು ಹಾಕಿ ಎಂದರು. ಶರಣಪ್ಪನವರು ಆಗುವುದಿಲ್ಲ ಅಂದರು. ಮ್ಯಾನೇಜರ್ ನನ್ನ ಕಡೆ ತಿರುಗಿ, ಮೂರು ಸಾಲಿಗೂ ಪ್ರಯೋಗಾಲಯದ ಅಳತೆಯಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳಿದರು.

“ಹೇಳುವಂಥ ವ್ಯತ್ಯಾಸ ಇಲ್ಲ” ಎಂದೆ. ಮದ್ಯಸಾರದ ಲೆಕ್ಕದಲ್ಲಿ ಅದು ನಿಜ.

“ಮೂಗಿಂದೂ ಹೇಳ್ರಿ ರಾಯರ” ಎಂದರು ಶರಣಪ್ಪನವರು.

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. “ಅವರು ಕೇಳಿದ್ದು ಅಳತೆ” ಎಂದೆ.

ಮೂರು ದಿನ ನಲ್ಲಿಗಳು ತೆರೆದೇ ಇದ್ದವು. ನಾಲ್ಕನೆಯ ದಿನ ಬೆಳಿಗ್ಗೆ ಶರಣಪ್ಪನವರು ಖಾಲಿ ಪೀಪಾಯಿಯೊಂದರ ಬಾಯಿಗೆ ಮೂಗು ಹಚ್ಚಿ ತುಸು ಹೊತ್ತು ನಿಂತರು. ಗೋದಾಮಿನ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಪ್ರಯೋಗಾಲಯದಲ್ಲಿ ಕೆಳಗಿನ ಸಾಲಿನ ಒಂದು ಸಣ್ಣ ಮಾದರಿ ಬಾಟಲಿ ಉಳಿದಿತ್ತು. ಎರಡು ವರ್ಷದ ಮೇಲೆ, ಅವರು ಔರಂಗಾಬಾದಿನ ಚಿಕಲಠಾಣಾದಲ್ಲಿ ಬಣ್ಣದ ಕಾರ್ಖಾನೆಯೊಂದರ ಗೇಟು ಕಾಯುತ್ತಾರೆಂದು ತಿಳಿದು, ಅದನ್ನು ತೆಗೆದುಕೊಂಡು ಹೋದೆ. ಟರ್ಪೆಂಟೈನ್ ವಾಸನೆ ರಸ್ತೆಗೇ ಹೊಡೆಯುತ್ತಿತ್ತು. ಅವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು: ರೊಟ್ಟಿ, ಖಾರದ ಹಿಂಡಿ, ಒಂದು ಇಡೀ ಈರುಳ್ಳಿ. ನಾನು ಅದನ್ನೇ ನೋಡುತ್ತಿದ್ದೆ.

“ಇನ್ನ ಯಾಕ ಬಿಡಬೇಕ್ರಿ ಉಳ್ಳಾಗಡ್ಡಿ?” ಎಂದರು.

ಬಾಟಲಿ ಕೊಟ್ಟೆ. ಕೈ ತೊಳೆದು ಬಂದರು. ಎರಡು ಹನಿ ಬಿಟ್ಟುಕೊಂಡು, ಉಜ್ಜಿ, ಅಂಗೈಗಳನ್ನು ಮುಖಕ್ಕೆ ಹಿಡಿದರು. ಬಹಳ ಹೊತ್ತು ಹಿಡಿದರು.

“ಮೂಗಿಗಿ ಏನೂ ಬರವಲ್ದರಿ” ಎಂದು ಬಿರಡೆ ಹಾಕಿ ಬಾಟಲಿಯನ್ನು ಹಿಂದಕ್ಕೆ ಕೊಟ್ಟರು. ಆಮೇಲೆ ಕೇಳಿದರು: “ಅಳತಿ ಸರಿ ಬರ್ತದೇನ್ರಿ?”

“ಬರುತ್ತದೆ.”

“ಹಂಗಾದ್ರ ಸರಿ ಬಿಡ್ರಿ.”

ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಅರ್ಧವನ್ನು ನನ್ನ ಕೈಗಿಟ್ಟರು.